ನಾನು ತೆಗೆಸಿಹಾಕಿದ ವಾಕ್ಯ

ಕಪ್ಪು ಬಿಳುಪಿನ ಪರದೆಯ ಮೇಲೆ ಒಂದು ಗರಿ ಬೀಳುತ್ತಿತ್ತು. ಆಕಾಶ ಬೂದು, ಕಡಲು ಅದಕ್ಕಿಂತ ತುಸು ಗಾಢ ಬೂದು, ನಡುವೆ ಅವಸರವೇ ಇಲ್ಲದೆ ಅತ್ತ ಇತ್ತ ವಾಲುತ್ತ ಇಳಿಯುವ ಬಿಳಿ ಗರಿ. ಅದು ನೀರು ಮುಟ್ಟಿದ ಮೇಲೆ ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕತೆ ಹೇಳುವವನ ದನಿ ಕೇಳಿಸಿತು: "ದೂರದ ದ್ವೀಪದ ಮೀನುಗಾರರು ಯಾರೋ ಹುಡುಗನೊಬ್ಬನನ್ನು ದಡಕ್ಕೆ ತಂದರೆಂದು ಆಮೇಲೆ ಸುದ್ದಿ ಬಂತು."

ನನಗೆ ಮೈಯೆಲ್ಲ ಉರಿದುಹೋಯಿತು.

ಆಗ ನನಗೆ ಇಪ್ಪತ್ತಮೂರು ವರ್ಷ. ಊರಿನ ಸಹಕಾರ ಸಂಘದಲ್ಲಿ ಬೆರಳಚ್ಚುಗಾರ್ತಿಯಾಗಿದ್ದೆ. ವಾರದ ಆರು ದಿನ ಬೇರೆಯವರ ಮಾತುಗಳನ್ನು ಟೈಪು ಮಾಡುತ್ತಿದ್ದವಳಿಗೆ ಭಾನುವಾರ ಬೆಳಗಿನ ಆ ಅರ್ಧ ಗಂಟೆ ಮಾತ್ರ ಸ್ವಂತದ್ದು. ಗ್ರೀಕರ ಪುರಾಣಗಳನ್ನು ಆಧರಿಸಿದ ಕಾರ್ಟೂನ್ ಚಿತ್ರಗಳಿಗೆ ಕನ್ನಡದ ಮಾತು ಕೂಡಿಸಿ ಟೀವಿಯಲ್ಲಿ ತೋರಿಸುತ್ತಿದ್ದರು. ಒಂದು ಕಂತನ್ನೂ ನಾನು ತಪ್ಪಿಸಿದವಳಲ್ಲ. ಮದುವೆ ಮನೆಗೆ ಹೋದರೂ ಆ ಹೊತ್ತಿಗೆ ಸರಿಯಾಗಿ ಟೀವಿ ಇರುವ ಕೋಣೆಯನ್ನು ಹುಡುಕಿಕೊಂಡು ಹೋಗುತ್ತಿದ್ದೆ.

ಅಂದಿನ ಕತೆ ನನಗೆ ಹೈಸ್ಕೂಲಿನಿಂದಲೇ ಗೊತ್ತಿತ್ತು. ಹೇಳಿದವರು ಧರಣೇಂದ್ರಯ್ಯ ಮೇಷ್ಟ್ರು. ದ್ವೀಪದಲ್ಲಿ ಸೆರೆಯಾದ ಶಿಲ್ಪಿಯೊಬ್ಬ ತಪ್ಪಿಸಿಕೊಳ್ಳಲೆಂದು ಗರಿ ಮತ್ತು ಮೇಣದಿಂದ ತನಗೂ ಮಗನಿಗೂ ರೆಕ್ಕೆ ಕಟ್ಟುತ್ತಾನೆ. ಸೂರ್ಯನ ಹತ್ತಿರ ಹೋಗಬೇಡ ಎಂದು ಮಗನಿಗೆ ಹೇಳುತ್ತಾನೆ. ಹಾರುವ ಸಂತೋಷದಲ್ಲಿ ಮಗನಿಗೆ ಆ ಮಾತು ಮರೆತುಹೋಗುತ್ತದೆ, ಮೇಣ ಕರಗುತ್ತದೆ. ಮೇಷ್ಟ್ರು ಅಲ್ಲಿಗೆ ನಿಲ್ಲಿಸಿ ಕಿಟಕಿಯ ಹೊರಗೆ ನೋಡಿದ್ದರು. ಆಮೇಲೆ ಏನಾಯಿತೆಂದು ಕೇಳಿದವಳು ನಾನೇ. "ಆಮೇಲೆ ಏನೂ ಇಲ್ಲಮ್ಮ. ಅಷ್ಟೇ ಕತೆ," ಎಂದಿದ್ದರು. ಬೆಲ್ಲು ಹೊಡೆದರೂ ಯಾರೂ ಎದ್ದಿರಲಿಲ್ಲ.

ಅಂಥ ಕತೆಗೆ ಇವರು ಮೀನುಗಾರರನ್ನು ತಂದು ಅಂಟಿಸಿದ್ದರು. ನಾನು ಅಂದೇ ಮಧ್ಯಾಹ್ನ ಕೂತು ಒಂದು ವಾರಪತ್ರಿಕೆಯ ಪ್ರೇಕ್ಷಕರ ಪುಟಕ್ಕೆ ಉದ್ದನೆಯ ಪತ್ರ ಬರೆದೆ. ಚಿತ್ರಗಳನ್ನು ಹೊಗಳಿದೆ, ಆ ಗರಿಯನ್ನು ಬಿಡಿಸಿದ ಕೈಗೆ ನಮಸ್ಕಾರ ಹೇಳಿದೆ. ಆಮೇಲೆ ಆ ವಾಕ್ಯವನ್ನು ಹಿಡಿದುಕೊಂಡೆ. ದುಃಖಕ್ಕೆ ಸಕ್ಕರೆ ಬೆರೆಸಿ ಕುಡಿಸುವ ಅಧಿಕಾರ ಇವರಿಗೆ ಕೊಟ್ಟವರು ಯಾರು ಎಂದು ಕೇಳಿದೆ. ಶಾಲೆಯಲ್ಲಿ ನಮ್ಮ ಮೇಷ್ಟ್ರೊಬ್ಬರು ಇದೇ ಕತೆಯನ್ನು ಒಂದಕ್ಷರ ಬದಲಿಸದೆ ಹೇಳಿದ್ದರೆಂದು ಬರೆದೆ. ಮಾತು ಬರೆದವರಿಗೆ ಕಡಲಿನ ಆಳವೂ ಗೊತ್ತಿಲ್ಲ, ತಂದೆಯ ಸಂಕಟವೂ ಗೊತ್ತಿಲ್ಲ ಎಂದು ಮುಗಿಸಿದೆ. ಆ ಕೊನೆಯ ಸಾಲು ನನಗೆ ಬಹಳ ಹಿಡಿಸಿತ್ತು. ಎರಡು ಸಲ ಗಟ್ಟಿಯಾಗಿ ಓದಿಕೊಂಡಿದ್ದೆ.

ಪತ್ರಿಕೆಯವರು ಅದನ್ನು ಚೌಕಟ್ಟು ಕಟ್ಟಿ ಅಚ್ಚು ಹಾಕಿದರು. ಮೊದಲ ಪ್ರತಿ ಹಿಡಿದುಕೊಂಡು ನಾನು ಹೋದದ್ದು ಮೇಷ್ಟ್ರ ಮನೆಗೆ. ಅವರು ಆಗಲೇ ನಿವೃತ್ತರಾಗಿದ್ದರು. ಜಗಲಿಯಲ್ಲಿ ಕೂತು ಎರಡು ಸಲ ಓದಿದರು. ಜೇಬಿನಿಂದ ಪೆನ್ಸಿಲು ತೆಗೆದು ಒಂದು ಕಡೆ ಗುರುತು ಹಾಕಿದರು. ದುಃಖ ಎಂಬಲ್ಲಿ ವಿಸರ್ಗ ಕೊನೆಗೆ ಹೋಗಿಬಿಟ್ಟಿತ್ತು.

"ಬರವಣಿಗೆ ಚೆನ್ನಾಗಿದೆ," ಎಂದರು. "ಅನ್ನಬೇಕಾದ್ದನ್ನ ನೇರವಾಗಿ ಅಂದಿದೀಯ."

ಪೆನ್ಸಿಲಿನ ತುದಿ ಕೊನೆಯ ಸಾಲಿನ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು. ಅಲ್ಲಿ ಯಾವ ತಪ್ಪಿದೆಯೆಂದು ನಾನು ಬಗ್ಗಿ ನೋಡಿದೆ. ಅವರು ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡು, ಈ ಪ್ರತಿ ಇಲ್ಲೇ ಇರಲಿ ಎಂದರು. ನಾನು ಹಿಗ್ಗಿ ಹೋದೆ.

ನನ್ನ ಪತ್ರ ನೋಡಿ ಇನ್ನೂ ನಾಲ್ಕಾರು ಜನ ಬರೆದರು. ಮೂರು ವಾರದ ಮೇಲೆ, ಪ್ರೇಕ್ಷಕರ ಅಭಿಪ್ರಾಯವನ್ನು ಮನ್ನಿಸಿ ಆ ಕಂತನ್ನು ತಿದ್ದಿ ಮತ್ತೆ ತೋರಿಸುತ್ತೇವೆಂದು ಟೀವಿಯವರು ಸಾರಿದರು. ಆ ಭಾನುವಾರ ನಾನು ಮನೆಯಲ್ಲಿ ಕೂರದೆ ಮೇಷ್ಟ್ರ ಮನೆಗೇ ಹೋದೆ. ಗೆದ್ದದ್ದನ್ನು ಅವರ ಜೊತೆ ಕೂತು ನೋಡಬೇಕೆಂಬ ಆಸೆ.

ಮೇಷ್ಟ್ರ ಹೆಂಡತಿ ಮರುದೇವಮ್ಮ ಆಗಲೇ ಟೀವಿಯ ಮುಂದೆ ಚಾಪೆ ಹಾಸಿ ಕೂತಿದ್ದರು. ಮೇಷ್ಟ್ರು ಹಿಂದೆ ಕುರ್ಚಿಯಲ್ಲಿದ್ದರು. ರೆಕ್ಕೆ ಕಟ್ಟಿದ್ದಾಯಿತು, ಹಾರಿದ್ದಾಯಿತು. ಮತ್ತೆ ಆ ಗರಿ ಇಳಿಯತೊಡಗಿತು. ಅದು ನೀರಿಗೆ ಹತ್ತಿರವಾಗುತ್ತಿದ್ದಂತೆ ಮರುದೇವಮ್ಮ ಕೂತಲ್ಲಿಂದಲೇ ಒಂದಿಷ್ಟು ಮುಂದೆ ಸರಿದರು. ಗರಿ ನೀರು ಮುಟ್ಟಿತು. ದನಿ ಬರಲಿಲ್ಲ. ಸಂಗೀತ ಮುಗಿದು ಜಾಹೀರಾತು ಬಂತು.

ಅವರು ಹಿಂತಿರುಗಿ ಗಂಡನನ್ನು ನೋಡಿದರು. "ಏನ್ರೀ, ನೀವು ಬರೆದ ಮಾತು ಬಿಟ್ಟಿದಾರಲ್ಲ?"

"ಹೊತ್ತು ಸಾಲದೆ ಬಿಟ್ಟಿರಬೇಕು," ಎಂದರು ಮೇಷ್ಟ್ರು.

ಮರುದೇವಮ್ಮ ಚಾಪೆ ಸುತ್ತಿಟ್ಟು ಒಳಗೆ ಹೋದರು.

ಅವರಿಗೆ ಒಬ್ಬನೇ ಮಗನಿದ್ದ, ಜಿನದತ್ತ. ಶಾಲೆಯಲ್ಲಿ ನನಗಿಂತ ಎರಡು ತರಗತಿ ಮುಂದಿದ್ದವನು. ಆರು ವರ್ಷದ ಹಿಂದೆ ಗೆಳೆಯರೊಡನೆ ಪಂದ್ಯ ಕಟ್ಟಿ ಅಣೆಕಟ್ಟಿನ ಹಿನ್ನೀರು ದಾಟಲು ಹೋಗಿ ತಿರುಗಿ ಬರಲಿಲ್ಲ. ದೇಹ ಸಿಗಲಿಲ್ಲ. ಅವನಿಗೆ ಈಜು ಕಲಿಸಿದವರು ಮೇಷ್ಟ್ರೇ. ಇದೆಲ್ಲ ಊರಿಗೇ ಗೊತ್ತಿದ್ದದ್ದು. ನನಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಒಂದೇ, ನಿವೃತ್ತಿಯ ಮೇಲೆ ಆ ಚಿತ್ರಗಳಿಗೆ ಕನ್ನಡದ ಮಾತು ಬರೆಯುತ್ತಿದ್ದವರು ಯಾರೆಂಬುದು. ಬರೆದವರ ಹೆಸರನ್ನು ಟೀವಿಯವರು ತೋರಿಸುತ್ತಲೇ ಇರಲಿಲ್ಲ.

ಮೇಷ್ಟ್ರು ಗೇಟಿನವರೆಗೆ ಬಂದರು. ಏನೋ ಹೇಳಲು ಹೋದೆ, ಅವರೇ ತಡೆದರು. "ನೀನು ಬರೆದದ್ದು ಸರಿಯಾಗೇ ಇದೆ. ಕತೆಯಲ್ಲಿ ಆ ಮಾತಿಲ್ಲ," ಎಂದು ಹೇಳಿ ಗೇಟಿನ ಚಿಲಕ ಹಾಕಿಕೊಂಡರು.

ಮುಂದಿನ ತಿಂಗಳಿಂದ ಆ ಕಾರ್ಯಕ್ರಮದ ಕನ್ನಡ ಸೊರಗಿತು. ಮೇಷ್ಟ್ರು ತಾವಾಗಿಯೇ ಕೆಲಸ ಬಿಟ್ಟರೆಂದು ಕೇಳಿದೆ. ಅದರ ಬಗ್ಗೆ ನಾನು ಯಾವ ಪುಟಕ್ಕೂ ಬರೆಯಲಿಲ್ಲ. ಸಂಘಕ್ಕೆ ಹೋಗುವ ದಾರಿಯನ್ನೂ ಬದಲಿಸಿಕೊಂಡೆ, ಅವರ ಬೀದಿ ಸಿಗದ ಹಾಗೆ. ಇವತ್ತು ಹೋಗೋಣ, ಬರುವ ವಾರ ಹೋಗೋಣ ಎನ್ನುತ್ತಲೇ ನಾಲ್ಕು ವರ್ಷ ಕಳೆದವು. ಒಂದು ದಿನ ಸಂಘದಲ್ಲಿ ಯಾರೋ ಮಾತಿನ ನಡುವೆ, ಧರಣೇಂದ್ರಯ್ಯನವರು ತೀರಿಹೋಗಿ ಹದಿನೈದು ದಿನವಾಯಿತು ಎಂದರು.

ಅಂದು ಸಂಜೆಯೇ ಅವರ ಮನೆಗೆ ಹೋದೆ. ಮರುದೇವಮ್ಮ ಒಬ್ಬರೇ ಇದ್ದರು. ಕ್ಷೇಮಸಮಾಚಾರ ಮುಗಿದ ಮೇಲೆ ನಾನು ತಲೆ ತಗ್ಗಿಸಿಕೊಂಡೇ ಹೇಳಿದೆ, ಆ ಪತ್ರ ಬರೆದವಳು ನಾನು ಎಂದು. ನಿಮಗಿದ್ದ ಒಂದು ಆಸರೆಯನ್ನು ಕಿತ್ತುಹಾಕಿದೆ ಎಂದು.

"ಪತ್ರ ನಾನೂ ಓದಿದೀನಿ. ಅವರ ಹಾಸಿಗೆ ಕೆಳಗೆ ಇತ್ತು," ಎಂದರು. ಸಿಟ್ಟಿನಿಂದ ಹೇಳಲಿಲ್ಲ. "ನನ್ನ ಆಸರೆ ಅಲ್ಲಮ್ಮ ಅದು. ಮಗ ಬರಲ್ಲ ಅಂತ ನನಗೆ ಮೂರನೇ ದಿನವೇ ಗೊತ್ತಾಗಿತ್ತು. ಇವರು ಕಾಯ್ತಾ ಇದಾರೆ ಅಂತ ನನಗೆ ತಿಳಿದದ್ದೇ ಟೀವಿಯಲ್ಲಿ ಆ ಮಾತು ಕೇಳಿದಾಗ. ಅಲ್ಲಿವರೆಗೆ ಮನೇಲಿ ಅವನ ಹೆಸರೇ ಎತ್ತಿರಲಿಲ್ಲ."

ಅವರೇ ಮುಂದುವರಿಸಿದರು.

"ಅವತ್ತಿಂದ ಇಬ್ಬರೂ ಮಾತಾಡೋಕೆ ಶುರು ಮಾಡಿದ್ವಿ. ಚಿಕ್ಕವನಿದ್ದಾಗ ಹಾಗೆ ಮಾಡ್ತಿದ್ದ, ಹೀಗೆ ಮಾಡ್ತಿದ್ದ ಅಂತ. ಪತ್ರ ಬಂದ ಮೇಲೂ ಮಾತಾಡ್ತಿದ್ರು. ಟೀವಿಯವರು ಹೇಗೋ ಮಾಡಿ ಆ ಮಾತು ಉಳಿಸ್ತಾರೆ ಅಂತಿದ್ರು. ಒಂದು ತಿಂಗಳು ಹಾಗಿತ್ತು. ಎರಡನೇ ಸಲ ತೋರಿಸಿದ ಮೇಲೆ ಬಾಯಿ ಮುಚ್ಚಿದೋರು, ಮತ್ತೆ ತೆಗೀಲಿಲ್ಲ."

ಕ್ಷಮಿಸಿ ಎನ್ನಬೇಕೆಂದುಕೊಂಡೇ ಹೋಗಿದ್ದೆ. ಆದರೆ ಆ ಮಾತು ಕೇಳಬೇಕಾದವರು ಆ ಮನೆಯಲ್ಲಿ ಇರಲಿಲ್ಲ. ಮರುದೇವಮ್ಮ ಬೈಯಲೂ ಇಲ್ಲ, ಹೋಗಲಿ ಬಿಡು ಎನ್ನಲೂ ಇಲ್ಲ. ಜೈನರ ಮನೆ, ಹೊತ್ತು ಮುಳುಗುವ ಮುಂಚೆ ಅವರ ಊಟವಾಗಬೇಕಿತ್ತು. ಎದ್ದು ಒಲೆಯ ಕಡೆ ಹೋಗುತ್ತ, ಮಹಡಿಯ ಮೇಲೆ ಕೌದಿ ಒಣಗಿದೆ, ತಂದುಕೊಡುತ್ತೀಯಾ, ಮೆಟ್ಟಿಲು ಹತ್ತಲು ಮಂಡಿ ಬಿಡುವುದಿಲ್ಲ ಎಂದರು.

ಮೇಲೆ ಹೋದೆ. ಹಳೆಯ ಸೀರೆ ಪಂಚೆಗಳನ್ನು ಸೇರಿಸಿ ಹೊಲಿದ ದಪ್ಪ ಕೌದಿ ಗೋಡೆಯ ಮೇಲೆ ಹರವಿತ್ತು. ಬಿಸಿಲು ಇಳಿದುಹೋಗಿದ್ದರೂ ಅದರೊಳಗೆ ಇನ್ನೂ ಬಿಸಿಯಿತ್ತು. ಮಡಿಸಿ ಎದೆಗೆ ಅವಚಿಕೊಂಡೆ. ಅದು ಪೂರ್ತಿ ತಣ್ಣಗಾಗುವ ತನಕ ನಾನು ಕೆಳಗಿಳಿಯಲಿಲ್ಲ.