ಸಾಕ್ಷಿಕಟ್ಟೆಯ ಹುಡುಗಿ

"ನಾನೂ ಟೀವಿ ನಾಟಕದಲ್ಲಿ ಪಾರ್ಟ್ ಮಾಡಿದ್ದೆ" ಎಂದು ಅತ್ತೆ ಬಾಯಿ ತೆಗೆದರೆ ಸಾಕು, ಮಾವ ಸೊಸೆಯ ಕಡೆ ತಿರುಗಿ ಕಣ್ಣು ಮಿಟುಕಿಸುತ್ತಿದ್ದರು. ನಲವತ್ತು ವರ್ಷದ ಹಿಂದೆ ಒಂದೇ ಸಲ ಪ್ರಸಾರವಾದ ನಾಟಕವದು. ಆ ಸಂಜೆ ಬೀದಿಗೆ ಬೀದಿಯೇ ಕರೆಂಟಿಲ್ಲದೆ ಕೂತಿತ್ತು. ಮನೆಯವರಾರೂ ನೋಡಿರಲಿಲ್ಲ, ನಂಬಿರಲೂ ಇಲ್ಲ. ಹೀಗಾಗಿ ಹೊಲಿಗೆ ಅಂಗಡಿ ನಡೆಸುವ ಅತ್ತೆಗೆ 'ಸ್ಟಾರು' ಎಂಬ ಅಡ್ಡಹೆಸರು ಖಾಯಂ ಆಗಿತ್ತು.

ಸೊಸೆಗೆ ಟೀವಿ ಕೇಂದ್ರದಲ್ಲಿ ಕೆಲಸ. ಬೂಷ್ಟು ಹಿಡಿದ ಹಳೆಯ ಟೇಪುಗಳನ್ನು ಒರೆಸಿ, ಓಡಿಸಿ ನೋಡಿ, ಕಂಪ್ಯೂಟರಿಗೆ ಇಳಿಸುತ್ತಿದ್ದಳು. ಒಂದು ಬೆಳಿಗ್ಗೆ ಯಾವುದೋ ಟೇಪು ಹಾಕಿ ಟೀ ಹೀರುತ್ತ ಕೂತವಳು ಬೆಚ್ಚಿಬಿದ್ದಳು. ಪರದೆಯ ಮೇಲೆ ಕೋರ್ಟು. ಸಾಕ್ಷಿಕಟ್ಟೆಯಲ್ಲಿ ಎರಡು ಜಡೆಯ ಹುಡುಗಿ. ಅದೇ ಮೂಗು, ಸೊಂಟಕ್ಕೆ ಕೈಯಿಟ್ಟು ನಿಲ್ಲುವ ಅದೇ ಗತ್ತು!

ಭಾನುವಾರ ಮನೆಯಲ್ಲಿ ಅದನ್ನು ಹಾಕಿದಾಗ ಅತ್ತೆಯ ಮುಖ ಬಾಡಿತು.

"ಬೇಡ ಕಣೇ, ಆಫ್ ಮಾಡು. ನಾನಲ್ಲಿ ಎಡವಟ್ಟು ಮಾಡಿದೀನಿ. ನಿರ್ದೇಶಕರು ಎಲ್ಲರೆದುರೇ ಬೈದಿದ್ರು. ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಆ ಭಾಗ ಕತ್ತರಿಸಿರ್ತಾರೆ."

"ಕತ್ತರಿಸಿಲ್ಲ ಅತ್ತೆ, ನೋಡಿ."

ಪರದೆಯಲ್ಲಿ ವಕೀಲನ ಪಾತ್ರಧಾರಿ ಮಾತು ಮರೆತು ಕಕ್ಕಾಬಿಕ್ಕಿಯಾಗಿ ನಿಂತಿದ್ದ. ಸಾಕ್ಷಿ ಹುಡುಗಿ ಅವನತ್ತ ಬಾಗಿದಳು. "ವಕೀಲರೇ, ಪ್ರಶ್ನೆ ನೀವು ಕೇಳ್ತೀರೋ, ಇಲ್ಲಾ ಅದನ್ನೂ ನಾನೇ ಕೇಳ್ಕೊಳ್ಳಲೋ?" ಎಂದಳು. ನ್ಯಾಯಾಧೀಶನೂ ನಗು ತಡೆಯಲಾಗದೆ ಕಡತದ ಹಿಂದೆ ಮುಖ ಮರೆಸಿಕೊಂಡ.

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ವೇ, ಇಡೀ ನಾಟಕಕ್ಕೆ ಜೀವ ತಂದಿದ್ದೇ ಈ ಮಾತು! ಇನ್ನೊಂದ್ಸಲ ಹಾಕಮ್ಮಾ."

ಮೂರನೆಯ ಸಲ ಅತ್ತೆಗೂ ನಗು ಬಂತು. "ಬೈದವರೇ ಉಳಿಸ್ಕೊಂಡಿದಾರೆ ನೋಡು!" ಎನ್ನುತ್ತ ಕಣ್ಣೊರೆಸಿಕೊಂಡರು. ಆಮೇಲೆ ಪರದೆಯ ಹತ್ತಿರ ಸರಿದು, ಯಾರು ಯಾರೆಂದು ಪಟಪಟನೆ ಹೇಳತೊಡಗಿದರು. "ಈ ಜಡ್ಜು ಅಂಚೆ ಕಚೇರೀಲಿದ್ದೋರು. ಆ ಮೂಲೇಲಿ ಅಳ್ತಿರೋಳು ನರ್ಸು, ಅವಳಿಗೆ ಎಲ್ಲೆಂದ್ರಲ್ಲಿ ಅಳು ಬರೋದು."

ಸೊಸೆ ಅವಸರದಲ್ಲಿ ಪೆನ್ನು ಹುಡುಕಿದಳು. "ಅತ್ತೆ, ಊರಿನವರೇ ಆಡಿದ ಇಂಥ ನಾಟಕ ಇನ್ನೂರು ಇವೆ. ನಟರ ಮುಖ ಗುರುತಿಸೋರೇ ಸಿಕ್ತಿಲ್ಲ. ನೀವು ಬರ್ತೀರಾ?"

ಸೋಮವಾರ ಅತ್ತೆ ಅಂಗಡಿಗೆ ಬೀಗ ಹಾಕಿ, ಹೊಸ ಕನ್ನಡಕ ಏರಿಸಿ ಹೊರಟೇಬಿಟ್ಟರು. ಮೊದಲ ಟೇಪಿಗೇ ಕುರ್ಚಿಯಿಂದ ಎದ್ದರು.

"ಅಯ್ಯೋ, ಇವಳು ನನ್ನ ಗೆಳತಿ ಕಣೇ! ಇವಳ ಮನೇಲೂ ಯಾರೂ ನಂಬಿರಲ್ಲ. ಮೊದಲು ಫೋನ್ ನಂಬರ್ ಹುಡುಕು!"