ಪದ್ದಕ್ಕ ಎಲ್ಲಿಗೆ ಹೋದಳು

“ನೂರಾ ಹನ್ನೆರಡನೇ ಪುಟ ತಗೀರಿ ಮೇಡಂ. ಅಲ್ಲೇ ಹೋಗ್ತಾಳ ಆಕಿ. ಯಾಕ ಹೋದ್ಲು, ಅದೊಂದ ಹೇಳ್ರಿ ಸಾಕು.”

ಅಮರೇಶ ಕುರ್ಚಿಯ ತುದಿಯಲ್ಲಿ ಕುಳಿತು ಹಳೆಯ ಕಾದಂಬರಿಯೊಂದನ್ನು ದಾಕ್ಷಾಯಿಣಿಯವರ ಮುಂದೆ ಹಿಡಿದಿದ್ದ. ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ ನೇರವಾಗಿ ಮಾಳಮಡ್ಡಿಯ ಅವರ ಮನೆಗೆ ಬಂದಿದ್ದ. ಕಂಪನಿಯ ಗುರುತಿನ ಚೀಟಿ ಇನ್ನೂ ಕೊರಳಲ್ಲಿತ್ತು. ಅವನ ಹೆಂಡತಿ ಆರತಿ ಮನೆ ಬಿಟ್ಟು ಅಂದಿಗೆ ಹತ್ತೊಂಬತ್ತು ದಿನ. ಎಂಟು ವರ್ಷದ ಹಿಂದೆ ಎಂ.ಎ. ತರಗತಿಯಲ್ಲಿ ಅವಳಿಗೆ ಈ ಕಾದಂಬರಿಯನ್ನು ಪಾಠ ಮಾಡಿದವರು ದಾಕ್ಷಾಯಿಣಿ. ಈಗ ನಿವೃತ್ತರು.

“ಪೊಲೀಸರಿಗೆ ಹೇಳೀರೇನು?”

“ಎರಡನೇ ದಿನಾನ ಕಂಪ್ಲೇಂಟ್ ಕೊಟ್ಟೇನ್ರಿ. ಶಿರಗುಪ್ಪಿಗೆ, ಆಕಿ ತವರಮನಿಗೆ, ಮೂರು ಸಲ ಹೋಗಿ ಬಂದೆ. ಅಲ್ಲೂ ಇಲ್ಲ. ಬಂಗಾರ ಮುಟ್ಟಿಲ್ರಿ. ಮಾರ್ಕ್ಸ್ ಕಾರ್ಡಿನ ಫೈಲ್ ಒಂದ ಒಯ್ದಾಳ. ದಿಂಬಿನ ಬುಡಕ ಈ ಪುಸ್ತಕ ಇತ್ತು. ನಾ ಸಾಲಿ ಬಿಟ್ಟ ಮ್ಯಾಲೆ ಪುಸ್ತಕ ಮುಟ್ಟಿದಾಂವ ಅಲ್ಲ. ಇದನ್ನ ನಾಕು ಸಲ ಓದೇನಿ.”

ಕಾದಂಬರಿಯ ಪದ್ದಕ್ಕ ಹನ್ನೆರಡು ವರ್ಷ ತುಟಿ ಪಿಟಕ್ಕೆನ್ನದೆ ಸಂಸಾರ ಮಾಡಿದವಳು. ಒಂದು ಮಧ್ಯಾಹ್ನ ಎಲ್ಲರಿಗೂ ಬಡಿಸಿ, ಕೈ ಒರೆಸಿಕೊಂಡು, ಹಿತ್ತಿಲ ಬಾಗಿಲಿನಿಂದ ಹೊರಟುಹೋಗುತ್ತಾಳೆ. ಮುಂದಿನ ಇನ್ನೂರು ಪುಟಗಳಲ್ಲಿ ಊರೆಲ್ಲ ಅವಳ ಬಗ್ಗೆ ಮಾತಾಡುತ್ತದೆ. ಅತ್ತೆ ‘ಗಾಳಿ ಬಡಿದಿತ್ತು’ ಅನ್ನುತ್ತಾಳೆ, ನೆರೆಯವರು ‘ಬೇರೆ ಯಾರೋ ಇದ್ದ’ ಅನ್ನುತ್ತಾರೆ. ಪದ್ದಕ್ಕ ಮಾತ್ರ ಮತ್ತೆ ಕಾಣಿಸುವುದಿಲ್ಲ.

ದಾಕ್ಷಾಯಿಣಿ ಕನ್ನಡಕ ಏರಿಸಿಕೊಂಡರು. ಮೂವತ್ತು ವರ್ಷ ಹೇಳಿದ ಪಾಠ ತಾನಾಗಿ ನಾಲಿಗೆಗೆ ಬಂತು. “ಆಕಿದು ಒಂದು ಮೌನದ ಪ್ರತಿಭಟನಿ. ಹೋಗೂದನ್ನ ಹೋಗೂದು ಅಂತ ತಿಳೀಬಾರದು, ಅದು ತನ್ನೊಳಗಿನ...”

“ಮೇಡಂ.” ಅಮರೇಶ ಎರಡೂ ಕೈ ಜೋಡಿಸಿದ. “ನನಗ ಅದೆಲ್ಲಾ ತಿಳಿಯಂಗಿಲ್ರಿ. ಆಕಿ ಎಲ್ಲಿಗೆ ಹೋದ್ಲು?”

“ಅದು ಪುಸ್ತಕದಾಗ ಇಲ್ಲಪ್ಪಾ.”

ಅಂದ ಕೂಡಲೇ ಅವರಿಗೆ ಏನೋ ನೆನಪಾಯಿತು. ಅವನ ಕೈಯಿಂದ ಪುಸ್ತಕ ಈಸಿಕೊಂಡು ಹಾಳೆ ತಿರುವಿದರು. ಅದು ಅವರದೇ ಪ್ರತಿ, ಆರತಿ ಎರವಲು ಒಯ್ದದ್ದು. ಕೊನೆಯ ಖಾಲಿ ಪುಟದಲ್ಲಿ ಮಾಸಿದ ನೀಲಿ ಶಾಯಿಯಲ್ಲಿ ಅವರದೇ ಅಕ್ಷರದ ಒಂದು ಸಾಲಿತ್ತು: ‘ಪದ್ದಕ್ಕ ಮೊದಲ ರಾತ್ರಿ ಎಲ್ಲಿ ಮಲಗಿದಳು?’

ಎಂಟು ವರ್ಷದ ಹಿಂದೆ ತರಗತಿಯಲ್ಲಿ ಎದ್ದು ನಿಂತು ಆರತಿ ಕೇಳಿದ್ದ ಪ್ರಶ್ನೆ ಇದು. ಇಡೀ ತರಗತಿ ನಕ್ಕಿತ್ತು. ತಾವೂ ನಕ್ಕಿದ್ದರು. ‘ಅದು ಸಾಹಿತ್ಯದ ಪ್ರಶ್ನಿ ಅಲ್ಲ ಬಿಡವಾ, ಕೂಡು’ ಎಂದಿದ್ದರು.

ಶಾಯಿಯ ಸಾಲಿನ ಕೆಳಗೆ ಹೊಸದಾಗಿ ಪೆನ್ಸಿಲ್ಲಿನಲ್ಲಿ, ಆರತಿಯ ಅಕ್ಷರದಲ್ಲಿ, ಒಂದೇ ಪದ: ‘ಎಲ್ಲಿಯಾದರೂ.’

“ಅದನ್ನ ನಾನೂ ನೋಡೇನ್ರಿ,” ಅಂದ ಅಮರೇಶ. “ಅದ ಯಾವ ಊರಿನ ಹೆಸರಲ್ಲಲ್ರಿ. ಬಸ್ ಸ್ಟ್ಯಾಂಡು, ಮಠಾ, ಹೆಣ್ಮಕ್ಕಳ ಹಾಸ್ಟೆಲ್ಲು, ಎಲ್ಲಾ ಕಡೆ ಫೋಟೋ ಹಿಡಕೊಂಡು ತಿರುಗೇನಿ. ಕೆರಿ ದಂಡಿಗೂ ಹೋಗಿ ನಿಂತೇನಿ ಮೇಡಂ, ನೀರ ನೋಡಕೋತ.”

ಆಗ ಅವನ ಮೊಬೈಲ್ ರಿಂಗಾಯಿತು. ಠಾಣೆಯಿಂದ. ಅಮರೇಶ ಎದ್ದು ನಿಂತೇ ಮಾತಾಡಿದ. “ಹೌದ್ರಿ... ಜೀವಂತ ಅದಾಳೇನ್ರಿ?” ಎಂದು ಕೂಗಿದವನು ಗೋಡೆಗೆ ಕೈಯೂರಿದ. ಫೋನಿನ ಬಾಯಿ ಮುಚ್ಚಿ ದಾಕ್ಷಾಯಿಣಿಯವರತ್ತ ತಿರುಗಿದ. “ಬ್ಯಾರೆ ಊರಿನ ಪೊಲೀಸ್ ಸ್ಟೇಷನ್ನಾಗ ಅದಾಳಂತ್ರಿ. ನನ್ನ ಮನಸಿನಿಂದನ ಬಂದೇನಿ ಅಂತ ಬರದು ಕೊಟ್ಟಾಳಂತ. ಊರ ಹೇಳಬ್ಯಾಡ್ರಿ ಅಂದಾಳಂತ. ಲೈನ್ ಕೂಡಸ್ತಾರಂತ.”

ಅರ್ಧ ನಿಮಿಷಕ್ಕೆ ಲೈನ್ ಸಿಕ್ಕಿತು. ಅವನ ಮುಖ ಬದಲಾಯಿತು.

“ಆರತಿ... ನಾನಽ.” ಅವನು ಕಣ್ಣು ಮುಚ್ಚಿಕೊಂಡ. “ನಾ ನಿನಗ ಏನ ಕಡಿಮಿ ಮಾಡಿದ್ನಿ? ಹೊಡದೇನೇನು? ಬೈದೇನೇನು? ನೌಕರಿ ಬ್ಯಾಡಂದೆ, ಖರೇ. ಮನ್ಯಾಗ ಏನ ಕೊರತಿ ಇತ್ತು ಹೇಳು?”

ಪದ್ದಕ್ಕನ ಗಂಡನೂ ಇದನ್ನೇ ಕೇಳುತ್ತಾನೆ, ಪುಟ ಪುಟದಲ್ಲಿ, ಸಿಕ್ಕವರನ್ನೆಲ್ಲ. ದಾಕ್ಷಾಯಿಣಿ ಮುಖ ಕೆಳಗೆ ಮಾಡಿದರು. ಅತ್ತಲಿಂದ ಏನೂ ಕೇಳಿಬರದೆ ಅಮರೇಶ ಫೋನನ್ನು ಅವರ ಕೈಗೆ ತುರುಕಿದ. “ನೀವರ ಹೇಳ್ರಿ ಮೇಡಂ. ನಿಮ್ಮ ಮಾತು ಮೀರಂಗಿಲ್ಲ ಆಕಿ. ಕಾಲಿಗೆ ಬೀಳತೇನಿ.” ನಿಜಕ್ಕೂ ಬಗ್ಗಿದ. ಅವರು ಅವನ ಭುಜ ಹಿಡಿದು ತಡೆದರು.

“ಆರತಿ, ನಾನು ದಾಕ್ಷಾಯಿಣಿ.”

“ಮೇಡಂ?” ದನಿ ಗುರುತು ಸಿಗದಷ್ಟು ಒಣಗಿತ್ತು. “ನಿಮ್ಮ ಪುಸ್ತಕ ನನ್ನ ಕಡೇನ ಉಳೀತ್ರಿ. ತಪ್ಪಾತು.”

“ಪುಸ್ತಕ ಬಂತವಾ. ನೀ ಅರಾಮ ಅದೀಯೇನು?”

ಅತ್ತ ಯಾರೋ ಬಾಗಿಲು ಎಳೆದುಕೊಂಡ ಸದ್ದಾಯಿತು.

“ಇಲ್ರಿ. ಅರಾಮಿಲ್ಲ. ಆದರ ಬರಂಗಿಲ್ರಿ.”

‘ಹುಚ್ಚಿ, ಬಾ’ ಎನ್ನುವ ಮಾತು ದಾಕ್ಷಾಯಿಣಿಯವರ ಬಾಯಿಯವರೆಗೆ ಬಂತು. ಎದುರಿಗೆ ಅಮರೇಶ ಅವರ ತುಟಿಯನ್ನೇ ನೋಡುತ್ತಿದ್ದ. “ಹುಷಾರವಾ,” ಅಂದರು. ಅಷ್ಟು ಹೊತ್ತಿಗೆ ಫೋನು ಸುಮ್ಮನಾಗಿತ್ತು.

“ಏನಂದ್ಲ್ರಿ?”

“ಅರಾಮಿಲ್ಲ, ಆದರ ಬರಂಗಿಲ್ಲ ಅಂದ್ಲಪ್ಪಾ.”

“ಅಂದ್ರ?”

ದಾಕ್ಷಾಯಿಣಿ ಫೋನನ್ನು ಅವನ ಕೈಗೆ ಕೊಟ್ಟರು.

“ಅಂದ್ರ ಏನ್ರಿ ಮೇಡಂ? ಅರಾಮಿಲ್ಲಂದ್ರ ಬರಬೇಕಲ್ರಿ?”

“ನನಗ ತಿಳೀವಲ್ದು.”

ಅಮರೇಶ ಫೋನನ್ನು ಜೇಬಿಗಿಡಲು ಎರಡು ಸಲ ನೋಡಿ, ಕೈಯಲ್ಲೇ ಹಿಡಿದುಕೊಂಡು ಹೊರಬಿದ್ದ. ಅವರು ಕೊಟ್ಟಿದ್ದ ಚಹಾ ಮುಟ್ಟಿರಲಿಲ್ಲ. ದಾಕ್ಷಾಯಿಣಿ ಕಿಟಕಿಯಿಂದ ನೋಡಿದರು. ಅಂಗಳದ ಬಿಸಿಲಲ್ಲಿ ಅವನು ಗೇಟಿನ ಸರಳು ಹಿಡಿದು ಹೊರಕ್ಕೆ ದೂಡುತ್ತಿದ್ದ. ಅದು ಒಳಕ್ಕೆ ಎಳೆದರೆ ತೆರೆಯುವ ಗೇಟು. ಅವನು ಭುಜ ಕೊಟ್ಟು ಮತ್ತೆ ದೂಡಿದ. ಅವರು ಬರಿಗಾಲಲ್ಲೇ ಇಳಿದು ಹೋಗಿ ಗೇಟನ್ನು ಎಳೆದರು. ದಾರಿ ತೆರೆದಿತ್ತು. ಅವನು ಮಾತ್ರ ಕಾಲೆತ್ತದೆ, ಬೀದಿಯ ಎರಡೂ ತುದಿಯನ್ನು ನೋಡುತ್ತ ಅಲ್ಲೇ ನಿಂತಿದ್ದ.