ಬಲಕ್ಕೆ ವಾಲಿದ ಗೀರುಗಳು

"ಇದು ನಾನು ಮಾಡಿದ್ದಲ್ಲ," ಎಂದಳು ಅತ್ತೆ, ಭೂತಗನ್ನಡಿಯನ್ನು ಕಣ್ಣಿನಿಂದ ಕೆಳಗಿಳಿಸದೆ.

ಎದುರಿಗೆ ಕೂತಿದ್ದ ಕ್ಯಾಪ್ಟನ್ ನಕ್ಕುಬಿಟ್ಟ. ಕ್ಯಾಪ್ಟನ್ ಎನ್ನುವುದು ಕೊಳದ ದಂಡೆಯ ಗೆಳೆಯರು ಇಟ್ಟ ಹೆಸರು. ಮನುಷ್ಯ ಜೀವಮಾನವಿಡೀ ಜನರ ಹಲ್ಲು ಕಿತ್ತವನು, ಮೊಣಕಾಲು ಮುಳುಗುವ ನೀರಿಗೂ ಇಳಿಯುವವನಲ್ಲ. ರಜೆ ಬಂತೆಂದರೆ ಮಾತ್ರ ತೋಳುದ್ದದ ಆಟದ ಹಡಗನ್ನು ಎದೆಗವಚಿಕೊಂಡು ಕೊಳಕ್ಕೆ ಓಡುತ್ತಿದ್ದ. ಅದರ ಹಿತ್ತಾಳೆಯ ಪ್ರೊಪೆಲ್ಲರು, ಚುಕ್ಕಾಣಿ, ಹಗ್ಗ ಸುತ್ತುವ ಗೂಟ ಎಲ್ಲವೂ ಈ ಮನೆಯ ಹಿಂಬದಿಯ ಕೋಣೆಯಿಂದಲೇ ಹೋಗಬೇಕು.

"ನಿಮ್ಮ ಪೆಟ್ಟಿಗೆಯಲ್ಲೇ ಬಂದಿದ್ದು. ನಿಮ್ಮ ಮೀನಿನ ಗುರುತೂ ಇದೆ ನೋಡಿ," ಎಂದ ಕ್ಯಾಪ್ಟನ್. "ಇದಕ್ಕೂ ಮುಂಚಿನದು ಸ್ವಲ್ಪ ನಡುಗ್ತಿತ್ತು, ಹೇಳೋಕೆ ಸಂಕೋಚವಾಗಿ ಸುಮ್ಮನಿದ್ದೆ. ಇದು ತಿರುಗ್ತಿದೆಯೋ ಇಲ್ಲವೋ ಅಂತಾನೇ ಗೊತ್ತಾಗಲ್ಲ. ಇಂಥದ್ದೇ ಇನ್ನೆರಡು ಬೇಕು. ಇದೇ ಕೈಯಿಂದ ಆಗಬೇಕು."

ನಡುಗಿದ್ದು ಅವನ ಮೋಟರಿನ ತಪ್ಪೆಂದು ಅತ್ತೆ ಮನಸ್ಸಿನಲ್ಲೇ ತಳ್ಳಿಹಾಕಿದಳು. ಅವಳ ಕಣ್ಣು ಇದ್ದದ್ದು ರೆಕ್ಕೆಯ ಹಿಂಬದಿಯ ಗೀರುಗಳ ಮೇಲೆ. ಪ್ರೊಪೆಲ್ಲರಿನ ಮುಂಬದಿಗೆ ಕನ್ನಡಿಯ ಹಾಗೆ ಪಾಲಿಶ್ ಕೊಟ್ಟರೂ ಹಿಂಬದಿಯನ್ನು ಅವಳು ಲೋಹ ತೇಯುವ ಅರ ಉಜ್ಜಿದ ಹಾಗೆಯೇ ಬಿಡುತ್ತಿದ್ದಳು. ತೂಕ ಸರಿಮಾಡುವುದು ಅಲ್ಲಿಯೇ. ಎರಡು ಕ್ಷೌರದ ಬ್ಲೇಡುಗಳನ್ನು ಮರದ ತುಂಡಿನಲ್ಲಿ ನಿಲ್ಲಿಸಿ, ಅಂಚುಗಳ ಮೇಲೆ ಸಣ್ಣ ಸರಳಿಟ್ಟು ಪ್ರೊಪೆಲ್ಲರನ್ನು ತೂಗಿಬಿಟ್ಟರೆ ಭಾರದ ರೆಕ್ಕೆ ತಾನಾಗಿ ಕೆಳಗೆ ಬರುತ್ತದೆ. ಅದರ ಬೆನ್ನನ್ನು ಅರದಿಂದ ಒಂದಿಷ್ಟು ತೇಯಬೇಕು, ಮತ್ತೆ ತೂಗಬೇಕು. ಹೇಗೆ ಬಿಟ್ಟರೆ ಹಾಗೆ ನಿಂತಾಗ ಕೆಲಸ ಮುಗಿಯಿತು. ಅತ್ತೆ ಎಡಚಿ. ಅವಳ ಅರದ ಗೀರುಗಳು ಹುಟ್ಟಿನಿಂದ ಎಡಕ್ಕೆ ವಾಲಿದವು. ಈ ಪ್ರೊಪೆಲ್ಲರಿನ ಗೀರುಗಳು ಬಲಕ್ಕೆ ವಾಲಿದ್ದವು.

ಕ್ಯಾಪ್ಟನ್ ಹೋದ ಮೇಲೆ ಅವಳು ಬಹಳ ಹೊತ್ತು ಸ್ಟೂಲಿನ ಮೇಲೆಯೇ ಕೂತಳು. ಆಕಾರ ಅವಳ ಅಚ್ಚಿನದೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮೀನಿನ ಗುರುತೂ ಗಂಡ ಬದುಕಿದ್ದಾಗ ಮಾಡಿಟ್ಟ ಮುದ್ರೆಮೊಳೆಯಿಂದಲೇ ಒತ್ತಿದ್ದು. ಅಂದರೆ ಅಚ್ಚು ಹೊರಗೆ ಹೋಗಿದೆ, ಮೊಳೆಯೂ ಹೋಗಿ ಬಂದಿದೆ. ಹೊರಗಿನವರು ಯಾರೂ ಈ ಕೋಣೆಗೆ ಕಾಲಿಡುವುದಿಲ್ಲ. ಕಾಲಿಡುವವಳು ಸೊಸೆ ಒಬ್ಬಳೇ, ಅದೂ ಪೆಟ್ಟಿಗೆ ಕಟ್ಟಲು. ಸೊಸೆಯ ಅಣ್ಣನಿಗೆ ನಲ್ಲಿಗಳನ್ನು ಎರಕ ಹೊಯ್ಯುವ ಕಾರ್ಖಾನೆಯಲ್ಲಿ ಕೆಲಸ. ಅತ್ತೆಗೆ ಇನ್ನೇನು ಬೇಕು? ಲೆಕ್ಕ ತಾನಾಗಿ ಕೂಡಿಕೊಂಡಿತು.

ಅಲ್ಲಿಂದ ಮುಂದೆ ಸೊಸೆ ಕೆಮ್ಮಿದರೂ ಅತ್ತೆಗೆ ಅದರಲ್ಲೊಂದು ಅರ್ಥ ಕಂಡಿತು. ಅವಳು ಫೋನಿನಲ್ಲಿ ಮೆಲ್ಲಗೆ ಮಾತಾಡಿದರೆ ಅಣ್ಣನ ಜೊತೆ, ಜೋರಾಗಿ ಮಾತಾಡಿದರೆ ತನ್ನ ಕಣ್ಣಿಗೆ ಮಣ್ಣೆರಚಲು. ಮಧ್ಯಾಹ್ನ ತಾನು ಅಡ್ಡಾದಾಗ ಅಡುಗೆಮನೆಯ ಬಾಗಿಲು ಮುಚ್ಚಿಕೊಳ್ಳುವುದೇಕೆ? ತವರಿಗೆ ಹೊರಟಾಗ ಬಟ್ಟೆಚೀಲ ಅಷ್ಟು ಭಾರವೇಕೆ? ಇಷ್ಟು ದಿನ ಕಣ್ಣಿಗೆ ಬೀಳದಿದ್ದ ಸಂಗತಿಗಳು ಈಗ ಒಂದೊಂದೇ ಎದ್ದು ನಿಂತವು. ಊಟಕ್ಕೆ ಕೂತಾಗ, ಈ ಮನೆಯಿಂದ ಏನೇನು ಎಲ್ಲೆಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು ಎಂದು ಗೋಡೆಗೆ ಹೇಳಿದಳು. ಸೊಸೆ ತಲೆಯೆತ್ತದೆ ನೀರಿನ ಲೋಟವನ್ನು ಅತ್ತೆಯ ಕೈಗೆ ಹತ್ತಿರ ಸರಿಸಿದಳು. ಆ ನಯವೂ ಅತ್ತೆಗೆ ಚುಚ್ಚಿತು.

ಸೊಸೆ ಸ್ನಾನಕ್ಕೆ ಹೋದಾಗ ಅತ್ತೆ ಮಾಡಬಾರದ್ದನ್ನು ಮಾಡಿದಳು. ಬಟ್ಟೆಚೀಲ ಬಿಚ್ಚಿದಳು. ಮಡಿಸಿದ ಸೀರೆಗಳ ಕೆಳಗೆ ಹಳೆಯ ಅಂಗಿಯ ತುಂಡಿನಲ್ಲಿ ಸುತ್ತಿಟ್ಟ ಗಂಟೊಂದಿತ್ತು. ಒಳಗೆ ಸಣ್ಣ ಹಲ್ಲಿನ ಒಂದು ಅರ, ಮರದ ತುಂಡು, ಎರಡು ಕ್ಷೌರದ ಬ್ಲೇಡು. ಅತ್ತೆಗೆ ಸಿಕ್ಕಿಬಿದ್ದಳು ಎಂಬ ಖುಷಿಯೂ ಇತ್ತು, ಹೇಳಿಕೊಳ್ಳಲಾಗದ ಸಂಕಟವೂ ಇತ್ತು. ಬಚ್ಚಲಿನ ನೀರಿನ ಸದ್ದು ನಿಂತದ್ದು ಕೇಳಿ ಗಂಟನ್ನು ಇದ್ದ ಹಾಗೇ ಸುತ್ತಿಟ್ಟಳು.

ಮಗ ಬಸ್ಸಿನ ಡ್ರೈವರ್. ಡ್ಯೂಟಿಗೆ ಹೊರಟು ಬೂಟು ಹಾಕಿಕೊಳ್ಳುತ್ತಿದ್ದವನನ್ನು ಹಿಡಿದು ನಿಲ್ಲಿಸಿ, ನಿನ್ನ ಹೆಂಡತಿ ನನ್ನ ಅಚ್ಚುಗಳನ್ನು ಅಣ್ಣನಿಗೆ ದಾಟಿಸುತ್ತಿದ್ದಾಳೆ ಎಂದಳು. ಅವನು ಬೂಟಿನ ದಾರವನ್ನೇ ನೋಡಿದ.

"ಅಮ್ಮಾ, ಹಾಗೇನೂ ಇಲ್ಲ. ಅದನ್ನ ಬಿಟ್ಟುಬಿಡು."

"ಅಂದ್ರೆ ನಿನಗೂ ಏನೋ ಗೊತ್ತು."

ಅವನು ಇನ್ನೊಂದು ಬೂಟಿನ ದಾರ ಬಿಗಿದು ಹೊರಟುಹೋದ. ಹೆಂಡತಿಯ ಸೆರಗು ಹಿಡಿದವನು, ಇನ್ನೇನು ಹೇಳಿಯಾನು! ಅತ್ತೆ ಆಗಲೇ ನಿಶ್ಚಯ ಮಾಡಿದಳು. ಕೈಯಲ್ಲಿ ಸಾಕ್ಷಿ ಸಿಕ್ಕ ದಿನ ಆ ಹುಡುಗಿ ಈ ಮನೆಯ ಹೊಸ್ತಿಲು ದಾಟಬೇಕು. ಮಗ ಬೇಕಿದ್ದರೆ ಅವಳ ಹಿಂದೆಯೇ ಹೋಗಲಿ. ಮೀನಿನ ಗುರುತಿನ ಹೆಸರು ಮಾತ್ರ ಬೇರೆಯವರ ಪಾಲಾಗಬಾರದು.

ಕ್ಯಾಪ್ಟನ್ ಕೇಳಿದ ಎರಡು, ಜೊತೆಗೆ ಬೇರೊಬ್ಬರದ್ದೊಂದು, ಹೀಗೆ ಮೂರು ಪ್ರೊಪೆಲ್ಲರುಗಳನ್ನು ಅವಳು ತಾನೇ ಎರಕ ಹೊಯ್ದು, ತೂಗಿ, ತೇಯ್ದಳು. ಎಂದಿನಂತೆ ದೀಪವನ್ನು ಬಯ್ದಳು. ಎಡಗೈಯ ನೆರಳು ಕೆಲಸದ ಮೇಲೆ ಬೀಳದಿರಲೆಂದು ಗಂಡ ಆ ದೀಪವನ್ನು ಬೆಂಚಿನ ಬಲಗಡೆಗೆ ಸ್ಕ್ರೂ ಹಾಕಿ ಕೂರಿಸಿದ್ದ. ಈಚೆಗೆ ಮಾತ್ರ ಎಷ್ಟು ಸಲ ಬಲ್ಬು ಬದಲಾಯಿಸಿದರೂ ಅವಳಿಗೆ ಬೆಳಕು ಸಾಲುತ್ತಿರಲಿಲ್ಲ. ಕೊನೆಗೆ ಭೂತಗನ್ನಡಿ ಹಿಡಿದು, ಒಂದೊಂದರ ತೂತಿನ ಒಳಅಂಚಿನಲ್ಲೂ ಸೂಜಿಮೊನೆಯಷ್ಟು ಚುಕ್ಕೆ ಒತ್ತಿದಳು. ಸೊಸೆ ಇವನ್ನು ತೆಗೆದು ನಕಲಿಯನ್ನು ಪೆಟ್ಟಿಗೆಗೆ ಹಾಕಿದರೆ ಚುಕ್ಕೆ ಇರುವುದಿಲ್ಲ. ಎರಡು ಪ್ರೊಪೆಲ್ಲರುಗಳನ್ನು ಕಟ್ಟಲು ಕೊಟ್ಟು, ಮೂರನೆಯದು ಇನ್ನೂ ಆಗಿಲ್ಲವೆಂದು ತನ್ನ ಬಳಿಯೇ ಇಟ್ಟುಕೊಂಡಳು.

ಮರುದಿನ ಮಧ್ಯಾಹ್ನ ಸೊಸೆ ಅಂಗಡಿಗೆ ಹೋದಾಗ, ಕಟ್ಟಿ ಅಂಟಿಸಿಟ್ಟಿದ್ದ ಪೆಟ್ಟಿಗೆಯನ್ನು ಅತ್ತೆ ಕತ್ತರಿಸಿ ತೆರೆದಳು. ಗೀರುಗಳು ಬಲಕ್ಕೆ ವಾಲಿದ್ದವು.  ಬಾಗಿಲಲ್ಲೇ ಅವಳನ್ನು ನಿಲ್ಲಿಸಿ ಏನೇನು ಕೇಳಬೇಕೆಂಬುದೆಲ್ಲ ನಾಲಿಗೆಯ ತುದಿಗೆ ಬಂತು. ಚುಕ್ಕೆ ಇಲ್ಲದ್ದನ್ನು ಕಣ್ಣಾರೆ ನೋಡಿಬಿಡೋಣವೆಂದು ಭೂತಗನ್ನಡಿ ಹಿಡಿದಳು.

ಚುಕ್ಕೆ ಇತ್ತು. ಇನ್ನೊಂದರಲ್ಲೂ ಇತ್ತು.

ಅದಲು ಬದಲಾಗಿರಲಿಲ್ಲ. ಅವೇ ಪ್ರೊಪೆಲ್ಲರುಗಳು, ಅವಳೇ ಹೊಯ್ದವು. ಅವಳ ಗೀರುಗಳ ಮೇಲೆ ಬೇರೊಂದು ಕೈ ಬಂದು ಹೋಗಿತ್ತು, ಅಷ್ಟೇ. ಆದರೆ ಮುಗಿದ ಕೆಲಸದ ಮೇಲೆ ಯಾರಾದರೂ ಅರ ಯಾಕೆ ಆಡಿಸುತ್ತಾರೆ?

ಅವಳು ಒಂದನ್ನು ಬ್ಲೇಡುಗಳ ಮೇಲೆ ತೂಗಿಬಿಟ್ಟಳು. ಮೇಲಿನ ರೆಕ್ಕೆಗೆ ಸೀಮೆಸುಣ್ಣದಿಂದ ಗುರುತು ಹಾಕಿ, ಮುಖ ತಿರುಗಿಸಿ ಕಿಟಕಿಯಾಚೆಗಿನ ಒಗೆದ ಬಟ್ಟೆಗಳನ್ನು ನೋಡುತ್ತ ಕೂತಳು. ತಿರುಗಿ ನೋಡಿದಾಗ ಸುಣ್ಣ ಮೇಲೆಯೇ ಇತ್ತು. ಬೇರೆ ಬೇರೆ ಕಡೆಗೆ ತಿರುಗಿಸಿಟ್ಟಳು. ಇಟ್ಟಲ್ಲೇ ನಿಂತಿತು. ಆಮೇಲೆ ತಾನು ಎತ್ತಿಟ್ಟುಕೊಂಡಿದ್ದ ಮೂರನೆಯದನ್ನು ತೂಗಿದಳು. ಅದು ನಿಂತೇ ಇದೆ ಎಂದು ಕಣ್ಣು ಹೇಳಿತು, ನಿನ್ನೆ ಹೇಳಿದ ಹಾಗೆಯೇ. ಸುಣ್ಣ ಹಚ್ಚಿ ಮುಖ ತಿರುಗಿಸಿದಳು. ಬಟ್ಟೆಗಳು ಗಾಳಿಗೆ ಉಬ್ಬಿ ಇಳಿದವು. ಮತ್ತೆ ನೋಡಿದಾಗ ಸುಣ್ಣದ ರೆಕ್ಕೆ ಅಷ್ಟು ನಿಧಾನವಾಗಿ, ಅಷ್ಟು ಸದ್ದಿಲ್ಲದೆ ಕೆಳಗೆ ಬಂದು ಕೂತಿತ್ತು.

ಅವಳು ಅದನ್ನು ಮತ್ತೆ ಮತ್ತೆ ಮೇಲಕ್ಕೆ ತಿರುಗಿಸಿದಳು. ಪ್ರತಿ ಸಲವೂ ಇಳಿಯಿತು, ಒಂದು ಸಲವೂ ಅವಳಿಗೆ ಇಳಿಯುವುದು ಕಾಣಲಿಲ್ಲ. ಕ್ಯಾಪ್ಟನ್ನನ ಸಂಕೋಚ ಈಗ ಅರ್ಥವಾಯಿತು, ಮಗನ ಬೂಟಿನ ದಾರವೂ ಅರ್ಥವಾಯಿತು. ಚೀಲದಲ್ಲಿ ತವರಿಗೆ ಹೋಗುತ್ತಿದ್ದುದೂ ತಾನು ಹೊಯ್ದ ಪ್ರೊಪೆಲ್ಲರುಗಳೇ, ತನ್ನ ಕಣ್ಣು ತಪ್ಪಿಸಿ ಸರಿಮಾಡಿ ತರಲಿಕ್ಕೆ. ತನ್ನ ಕಣ್ಣು ಸೋತದ್ದು ಮನೆಯವರಿಗೆಲ್ಲ ಗೊತ್ತಿತ್ತು. ಅವಳಿಗೆ ಮೊದಲು ಬಂದದ್ದು ಸಿಟ್ಟೇ, ತನ್ನನ್ನು ಮಗುವಿನಂತೆ ಸುಮ್ಮನಿರಿಸಿದರಲ್ಲ ಎಂದು. ಆಮೇಲೆ ಬಟ್ಟೆಚೀಲ ನೆನಪಾಯಿತು. ಸೀರೆಗಳ ಕೆಳಗೆ ತಡಕಾಡಿದ್ದ ತನ್ನ ಕೈಯನ್ನು ನೋಡಿಕೊಂಡು ಅವಳಿಗೆ ನಾಚಿಕೆಯಾಯಿತು, ಅಳು ಬಂತು.

ಸೊಸೆ ತರಕಾರಿ ಇಳಿಸಿ ಕೋಣೆಯ ಬಾಗಿಲಿಗೆ ಬಂದಾಗ ನೆಲದ ಮೇಲೆ ಸ್ಕ್ರೂಡ್ರೈವರ್ ಬಿದ್ದಿತ್ತು. ಬೆಂಚಿನ ಬಲಗಡೆ ಹಳೆಯ ಸ್ಕ್ರೂಗಳ ತೂತುಗಳು ಮಾತ್ರ ಉಳಿದಿದ್ದವು. ದೀಪ ಎಡಗಡೆಗೆ ಬಂದು, ಸ್ವಲ್ಪ ಸೊಟ್ಟಗೆ, ಗಟ್ಟಿಯಾಗಿ ಕೂತಿತ್ತು. ಅತ್ತೆ ಸ್ಟೂಲು ಬಿಟ್ಟು ಪೆಟ್ಟಿಗೆ ಕಟ್ಟುವ ಮೇಜಿನ ಹತ್ತಿರ ಕುರ್ಚಿ ಹಾಕಿಕೊಂಡಿದ್ದಳು. ತೆರೆದ ಪೆಟ್ಟಿಗೆಯೂ ಸುಣ್ಣದ ಗುರುತಿನ ಪ್ರೊಪೆಲ್ಲರೂ ಕಣ್ಣಿಗೆ ಬಿದ್ದು ಸೊಸೆಯ ಮುಖ ಬಿಳಿಚಿಕೊಂಡಿತು.

"ಅತ್ತೆ, ನಾನು..."

"ಚೀಲದಲ್ಲಿರೋ ನಿನ್ನ ಅರ ತಗೊಂಡು ಬಾ," ಎಂದಳು ಅತ್ತೆ. "ನಾನು ಅದನ್ನ ಬಿಚ್ಚಿ ನೋಡಿದೀನಿ. ನೋಡಬಾರದಿತ್ತು."

ಸೊಸೆ ಒಳಗೆ ಹೋಗಿ ಬಂದು ಸ್ಟೂಲಿನ ತುದಿಯಲ್ಲಿ ಕೂತಳು, ಎದ್ದು ಹೋಗೆಂದರೆ ಏಳಲು ಅನುಕೂಲವಾಗುವಂತೆ. ಮೂರನೆಯ ಪ್ರೊಪೆಲ್ಲರನ್ನು ಬೆಂಚಿನ ಇಕ್ಕಳಕ್ಕೆ ಸಿಕ್ಕಿಸಿ ಬಲಗೈಯಲ್ಲಿ ಅರ ಹಿಡಿದಳು. ಅವಳ ಕೈಯ ನೆರಳು ಆಚೆ ಗೋಡೆಗೆ ಬಿದ್ದಿತ್ತು.

ಅತ್ತೆ ರಟ್ಟಿನ ಪೆಟ್ಟಿಗೆಯೊಂದನ್ನು ಮಡಿಸಲು ನೋಡಿದಳು. ಮೂಲೆ ಸೇರಲಿಲ್ಲ. ಬಿಚ್ಚಿ ಮತ್ತೆ ಮಡಿಸಿದಳು.

"ಬೆಳಕು ಸಾಕಾ?" ಎಂದು ಕೇಳಿದಳು.

"ಸಾಕು ಅತ್ತೆ," ಎಂದಳು ಸೊಸೆ. ಅರ ಹಿತ್ತಾಳೆಯ ಮೇಲೆ ಮೆಲ್ಲಗೆ ಸರಿಯತೊಡಗಿತು.